ಚುಕ್ಕಾಣಿಗೆ ಬಿದ್ದ ಏಟು

ಬಸ್ಸು ಹೊರಳುವಾಗಲೆಲ್ಲ ತೊಡೆಯ ಮೇಲಿನ ತಗಡಿನ ಅಂಚು ಪ್ಯಾಂಟಿನ ಬಟ್ಟೆಯ ಮೂಲಕ ಒತ್ತುತ್ತಿತ್ತು. ಹಳೆಯ ಪತ್ರಿಕೆಯಲ್ಲಿ ಎರಡು ಸುತ್ತು ಸುತ್ತಿ, ಸೆಣಬಿನ ದಾರ ಬಿಗಿದು ತಂದಿದ್ದರೂ ಆ ಅಂಚು ಕಾಗದದೊಳಗಿನಿಂದಲೇ ತನ್ನನ್ನು ಹುಡುಕುತ್ತಿದೆ ಎಂದು ವಿಶ್ವಪ್ರಿಯನಿಗೆ ಅನ್ನಿಸಿತು. ಬಳ್ಳಾರಿ ದಾಟುವ ಮೊದಲೇ ಕಂಡಕ್ಟರ್ ಬಂದು ಟಿಕೆಟ್ ಕೊಡುತ್ತ, ಪೊಟ್ಟಣದ ಕಡೆ ಗದ್ದ ಚಾಚಿ, 'ಏನ್ ಸರ್ ಅದು, ಮಚ್ಚೇನು? ಯಾರನ್ನ ಕಡ್ಯಾಕ ಹೊಂಟೀರಿ?' ಎಂದ. ಹಿಂದಿನ ಸೀಟಿನ ಇಬ್ಬರು ಹೆಂಗಸರು ನಕ್ಕರು. ವಿಶ್ವಪ್ರಿಯನೂ ನಕ್ಕ. ನಗು ಮುಗಿದ ಮೇಲೂ ತುಟಿ ಹಾಗೆಯೇ ತೆರೆದುಕೊಂಡಿದ್ದದ್ದು ಕಿಟಕಿಯ ಗಾಜಿನಲ್ಲಿ ಕಂಡಿತು. ಕಡಿಯುವುದು ಆಗಿಹೋಗಿದೆ, ಈಗ ಕಡಿದದ್ದೆಂದು ಹೆಸರಾದ ವಸ್ತುವನ್ನು ಒಪ್ಪಿಸಲು ಹೋಗುತ್ತಿದ್ದೇನೆ ಎಂದು ಹೇಳಿದ್ದರೆ ಆ ಕಂಡಕ್ಟರನ ಮುಖ ಏನಾಗುತ್ತಿತ್ತು?

ಅದು ಚುಕ್ಕಾಣಿ. ಒಬ್ಬನೇ ಕಾಲು ಚಾಚಿ ಕೂತು, ಎರಡೂ ತುದಿಗೆ ಹಲಗೆಯಿರುವ ಹುಟ್ಟುಗೋಲಿನಿಂದ ನಡೆಸುವ ಕಯಾಕ್ ಎಂಬ ಸಪೂರ ದೋಣಿಯ ಹಿಂತುದಿಗೆ ಸಿಕ್ಕಿಸುವಂಥದ್ದು. ಬರುವ ಮಾಗಿಯಲ್ಲಿ ಕಾರವಾರದ ಸಮುದ್ರಕ್ಕೆ ಇಳಿಯಬೇಕೆಂದು ಬಳ್ಳಾರಿಯ ಅವನ ಜಲಸಾಹಸ ಸಂಘದವರು ಆರು ದೋಣಿ ಕೊಳ್ಳುವವರಿದ್ದರು. ತಯಾರಿಸುವವರು ಮೊದಲು ಪರೀಕ್ಷಿಸಿ ನೋಡಿ ಎಂದು ಎರಡನ್ನು ಕಳಿಸಿದ್ದರು. ಒಂದಕ್ಕೆ ಚುಕ್ಕಾಣಿ, ಪಾದದಡಿಯ ಪೆಡಲ್ ಒತ್ತಿದರೆ ಉಕ್ಕಿನ ತಂತಿ ಎಳೆದು ದೋಣಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಇನ್ನೊಂದಕ್ಕೆ ಸ್ಕೆಗ್, ದೋಣಿಯ ಹೊಟ್ಟೆಯಡಿಯ ಸೀಳಿನಿಂದ ಮೀನಿನ ರೆಕ್ಕೆಯಂತೆ, ದಾರ ಸಡಿಲಿಸಿದಷ್ಟೇ ಇಳಿಯುವ ಹಲಗೆ. ಅದು ದೋಣಿಯನ್ನು ತಿರುಗಿಸುವುದಿಲ್ಲ, ಗಾಳಿಗೆ ಹೊರಳದಂತೆ ಹಿಡಿದಿಡುತ್ತದೆ. ತಿರುಗಬೇಕಾದರೆ ಕೂತವನು ಸೊಂಟ ಓರೆ ಮಾಡಿ ಮೈಯಿಂದಲೇ ತಿರುಗಿಸಬೇಕು. ಯಾವುದು ಮೇಲೆಂದು ನೋಡಿ ವರದಿ ಬರೆಯುವ ಕೆಲಸವನ್ನು ಸಂಘದ ಅಧ್ಯಕ್ಷ ತಿಪ್ಪೇರುದ್ರಪ್ಪನವರು ವಿಶ್ವಪ್ರಿಯನಿಗೆ ವಹಿಸಿದ್ದರು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆಂಬ ಕಾರಣಕ್ಕೆ. ಜೊತೆಗೆ ಗವಿಸಿದ್ದೇಶನನ್ನು ಹಾಕಿದ್ದರು. ಅವನು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವ, ಕುರುಗೋಡಿನ ಕಾಲುವೆಯಲ್ಲಿ ಈಜು ಕಲಿತವ, ಸಂಘದಲ್ಲಿ ಅವನಷ್ಟು ಚೆನ್ನಾಗಿ ದೋಣಿ ನಡೆಸುವವರು ಯಾರೂ ಇರಲಿಲ್ಲ. ವರದಿಗೆ ಇಬ್ಬರ ರುಜುವೂ ಬೇಕು. ನಾಳೆ ಅದು ಸಂಘದ ಮುಂದೆ ಬರಬೇಕು. ನಾಲ್ಕು ಪುಟ, ಅಚ್ಚುಕಟ್ಟಾಗಿ ಬೆರಳಚ್ಚಾಗಿ ಚೀಲದಲ್ಲಿತ್ತು. ಅದರ ಮೂರನೆಯ ಪುಟದಲ್ಲಿ ಒಂದು ವಾಕ್ಯ: 'ರಾರಾವಿಯ ಹೊಳೆಯಲ್ಲಿ ಮೂರನೆಯ ಪರೀಕ್ಷೆಯ ವೇಳೆ ಚುಕ್ಕಾಣಿಯ ಹಲಗೆ ತಗುಲಿ ಶ್ರೀ ಗವಿಸಿದ್ದೇಶ ಅವರ ಎಡಗಣ್ಣಿಗೆ ತೀವ್ರ ಗಾಯವಾಯಿತು, ಆದ್ದರಿಂದ ಚುಕ್ಕಾಣಿಯುಳ್ಳ ದೋಣಿ ಅಪಾಯಕರ.' ಆ 'ಆದ್ದರಿಂದ' ಎಂಬ ಪದ ಬರೆಯುವುದಕ್ಕೆ ಅವನಿಗೆ ಎರಡು ದಿನ ಹಿಡಿದಿತ್ತು.

ತಗಡನ್ನು ತರಹೇಳಿದವಳು ಗವಿಸಿದ್ದೇಶನ ತಾಯಿ ಪಕ್ಕೀರಮ್ಮ. ರುಜುವಿಗೆ ಬರುತ್ತೇನೆಂದು ತಿಳಿಸಲು ನಿನ್ನೆ ಫೋನು ಮಾಡಿದಾಗ ಅವಳೇ ಎತ್ತಿಕೊಂಡು, 'ನನ್ನ ಮಗನ ಕಣ್ಣಿಗೆ ಬಡಿದದ್ದನ್ನ ತಗೊಂಡು ಬರ್ರಿ ಸರ್. ನಾ ಒಮ್ಮಿ ನೋಡ್ಬೇಕು ಅದನ್ನ' ಎಂದಿದ್ದಳು. ಯಾಕೆಂದು ವಿಶ್ವಪ್ರಿಯನಿಗೆ ಗೊತ್ತಿತ್ತು. ಕೂಸು ಎಡವಿ ಬಿದ್ದರೆ ತಾಯಂದಿರು ಹೊಸ್ತಿಲಿಗೆ ಹೊಡೆಯುತ್ತಾರೆ, ಹಣೆ ತಗುಲಿಸಿಕೊಂಡರೆ ಕಂಬಕ್ಕೆ ಹೊಡೆಯುತ್ತಾರೆ. ಅವನ ತಾಯಿ ಇಂದಿರಾಬಾಯಿ ಹೊಲಿಗೆ ಯಂತ್ರಕ್ಕೆ ಹೊಡೆದಿದ್ದಳು. ಆಗ ಅವನಿಗೆ ಐದು ವರ್ಷ. ಸೂಜಿ ತೋರುಬೆರಳಿನ ಉಗುರನ್ನು ತೂರಿ ಆಚೆ ಬಂದಿತ್ತು. ಅವಳು ಸೂಜಿ ಕಿತ್ತು, ಬೆರಳನ್ನು ತನ್ನ ಬಾಯಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಆ ಕಪ್ಪು ಯಂತ್ರದ ಕತ್ತಿನ ಮೇಲೆ ರಪರಪನೆ ಹೊಡೆದಳು. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಅವನು ಅಳು ಮರೆತು ನೋಡಿದ್ದ. ಏಟು ಬೀಳುತ್ತಿರುವುದು ತನಗಲ್ಲ ಎಂಬ ಸುಖ ಹೊಟ್ಟೆಯೊಳಗೆ ಬೆಚ್ಚಗೆ ಇಳಿದಿತ್ತು. ಮುಟ್ಟಬೇಡವೆಂದು ಹೇಳಿಹೋದ ಮೇಲೂ ಚಕ್ರ ತಿರುಗಿಸಿದವನು ತಾನೇ ಎಂದು ಅವನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಮೂವತ್ತನಾಲ್ಕರ ಈ ವಯಸ್ಸಿನಲ್ಲೂ ಆ ಉಗುರು ಸೀಳಾಗಿಯೇ ಬೆಳೆಯುತ್ತದೆ.

ಬಸ್ಸು ನಿಂತಿತು. ಯಾರೋ ಒಬ್ಬ ಕೋಳಿಗಳ ಕಾಲು ಕಟ್ಟಿ, ತಲೆಕೆಳಗಾಗಿ ಹಿಡಿದುಕೊಂಡು ಹತ್ತಿದ. ಕೋಳಿಗಳ ಕಣ್ಣು ವಿಶ್ವಪ್ರಿಯನ ಮೊಣಕಾಲಿನ ಮಟ್ಟದಲ್ಲಿ ತೂಗಾಡುತ್ತಿದ್ದವು. ತಾಯಿಯ ಆ ಹೊಲಿಗೆ ಯಂತ್ರವೇ ಅವನನ್ನು ಓದಿಸಿತ್ತು. ಓಣಿಯ ಹೆಂಗಸರೆಲ್ಲ ಜಂಪರಿನ ಅಳತೆ ಕೊಡಲು ಬರುತ್ತಿದ್ದರು. ಮನೆಗಿದ್ದದ್ದು ಒಂದೇ ಕೋಣೆ, ಅವರು ಬಂದಾಗ ಅವನು ಪುಸ್ತಕ ಹಿಡಿದು ಗೋಡೆಯ ಕಡೆ ಮುಖ ಮಾಡಿ ಕೂರಬೇಕು. ಬೆನ್ನ ಹಿಂದೆ ಟೇಪು ಎಳೆಯುವ ಸದ್ದು, ಉಸಿರು ಬಿಗಿಹಿಡಿಯುವ ಸದ್ದು. ಶಾಲೆಯಲ್ಲಿ ಅವನ ಹೆಸರು ಜಂಪರ್ ಆಚಾರಿ. ಅದನ್ನು ಬಳ್ಳಾರಿಯಲ್ಲಿ ಈಗ ಬಲ್ಲವರು ಯಾರೂ ಇಲ್ಲ. ಗವಿಸಿದ್ದೇಶನಿಗಂತೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದೇ ಗಾಯವಾದ ಮೇಲಿನ ಈ ಹನ್ನೊಂದು ದಿನದಲ್ಲಿ ಅವನನ್ನು ಹೆಚ್ಚು ತಿಂದದ್ದು; ಗೊತ್ತಿದ್ದು ಆಡಿದ್ದರೆ ಏಟಿಗೆ ಒಂದು ನೆಪವಾದರೂ ಇರುತ್ತಿತ್ತು.

ಮೊದಲನೆಯ ದಿನ ರಾರಾವಿಯ ದಡದಲ್ಲಿ ಚುಕ್ಕಾಣಿಯ ದೋಣಿಯೊಳಗೆ ಕೂತು ಪೆಡಲ್ ಒತ್ತಿ ನೋಡುತ್ತಿದ್ದಾಗ, ಗವಿಸಿದ್ದೇಶ ದಡದಲ್ಲಿದ್ದ ಎಲ್ಲರಿಗೂ ಕೇಳುವಂತೆ, 'ನೋಡ್ರಿ, ಸರ್ ಹೊಲಿಗಿ ಮಷಿನ್ ತುಳ್ಯಾಕತ್ಯಾರ' ಎಂದ. ಸಂಘದ ಶೀಲಾ ನಕ್ಕಳು, ಪ್ರಣವ ನಕ್ಕ. ತಿಪ್ಪೇರುದ್ರಪ್ಪನವರೂ ಮೀಸೆಯೊಳಗೆ ನಕ್ಕರು. ಪಾದ ಕೆಳಗೆ ಮೇಲೆ ಆಡುತ್ತಿದ್ದದ್ದು ನಿಂತುಹೋಯಿತು. ತಾಯಿಯ ಪಾದ, ಬಿರುಕು ಬಿಟ್ಟ ಹಿಮ್ಮಡಿ, ಹಾಗೆಯೇ ಕೆಳಗೆ ಮೇಲೆ. ಆಮೇಲೆ ನೀರಿನಲ್ಲಿ ಗವಿಸಿದ್ದೇಶ ಸ್ಕೆಗ್ ಕೂಡ ಇಳಿಸದೆ, ಸೊಂಟವನ್ನು ತುಸು ಓರೆ ಮಾಡಿ, ಹಾವು ಹೊರಳಿದಂತೆ ದೋಣಿಯನ್ನು ಹೊರಳಿಸಿ ಬಂದ. ವಿಶ್ವಪ್ರಿಯನಿಗೆ ಅದು ಬರುತ್ತಿರಲಿಲ್ಲ. ಗಾಳಿ ಪಕ್ಕದಿಂದ ಬಂದರೆ ದೋಣಿ ಯಾಕೆ ಗಾಳಿಯ ಕಡೆಗೇ ಮೂತಿ ತಿರುಗಿಸುತ್ತದೆ, ಸ್ಕೆಗ್ ಅರ್ಧ ಇಳಿಸಿದರೆ ಯಾಕೆ ನೆಟ್ಟಗಾಗುತ್ತದೆ, ಪೂರ್ತಿ ಇಳಿಸಿದರೆ ಯಾಕೆ ಗಾಳಿಗೆ ಬೆನ್ನು ಕೊಡುತ್ತದೆ ಎಂದು ಬಾಣದ ಗುರುತು ಹಾಕಿ ಬಿಡಿಸಿ ತೋರಿಸಬಲ್ಲವನು, ನೀರಿನ ಮೇಲೆ ಕೂತಾಗ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂತ ಹುಡುಗನಂತೆ ಬಿಗಿದುಕೊಳ್ಳುತ್ತಿದ್ದ. ಪೆಡಲ್ ಇರುವ ದೋಣಿಯೇ ಅವನಿಗೆ ಬೇಕಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವುದಕ್ಕೂ ಬಾರದಂತೆ ಆ ಒಂದು ನಗೆ ಮಾಡಿಹಾಕಿತ್ತು.

ಮೂರನೆಯ ಪರೀಕ್ಷೆ, ಆಷಾಢದ ಗಾಳಿ. ಹೊಳೆ ಕೆಂಪಗೆ ತುಂಬಿ ಬೆನ್ನಮೇಲಿಂದ ಅಲೆ ತಳ್ಳುತ್ತಿತ್ತು. ದಡದವರು ಜೊಂಡಿನ ತಿರುವಿನ ಆಚೆ ಉಳಿದಿದ್ದರು. ವಿಶ್ವಪ್ರಿಯ ಪೆಡಲ್ ತುಳಿಯುತ್ತ, ಹಲ್ಲು ಕಚ್ಚಿ, ನೆಟ್ಟಗೆ ಹೋಗುತ್ತಿದ್ದ, ಚೆನ್ನಾಗಿಯೇ ಹೋಗುತ್ತಿದ್ದ. ಗವಿಸಿದ್ದೇಶ ಸ್ಕೆಗ್ ದೋಣಿಯಲ್ಲಿ ಪಕ್ಕಕ್ಕೆ ಬಂದು, ತೋಳಳತೆಯಲ್ಲಿ ಜೊತೆಜೊತೆ ತೇಲುತ್ತ, ಯಾವ ಕುಹಕವೂ ಇಲ್ಲದ ಸಲಿಗೆಯ ದನಿಯಲ್ಲಿ, 'ಟೇಲರ್ ಸಾಹೇಬ್ರ, ನಮ್ಮವ್ವಗ ಎರಡು ಜಂಪರ್ ಹೊಲ್ದು ಕೊಡ್ರಿ' ಎಂದ. ಆಮೇಲಿನದು ನೆನಪಿನಲ್ಲಿ ಸದ್ದಿಲ್ಲದೆ ಇದೆ. ಹುಟ್ಟುಗೋಲು ನೀರಿನಿಂದ ಮೇಲೆದ್ದದ್ದು, ತುದಿಯಿಂದ ಕೆಂಪು ನೀರಿನ ಎಳೆ ಹಾರಿದ್ದು, ಹಲಗೆ ಅಡ್ಡಡ್ಡ ತಿರುಗಿ ಅದರ ತೆಳು ಅಂಚು ಆ ನಗುವ ಮುಖದ ಹುಬ್ಬಿನಿಂದ ಕೆನ್ನೆಯವರೆಗೆ ಇಳಿದದ್ದು. ಮೂಳೆ ತಗುಲಿದ್ದು ಅಂಗೈಗೆ ಗೊತ್ತಾಯಿತು. ಗೊತ್ತಾದಾಗ ಭಯವಾಗಲಿಲ್ಲ. ಹಗುರವಾಯಿತು. ಮೂವತ್ತು ವರ್ಷದಿಂದ ಬಿಗಿಹಿಡಿದಿದ್ದ ಉಸಿರನ್ನು ಯಾರೋ ಒಮ್ಮೆಲೇ ಹೊರಗೆ ತೆಗೆದ ಹಾಗಿತ್ತು. ದೋಣಿ ಮಗುಚಿತು, ಗವಿಸಿದ್ದೇಶ ಮುಳುಗಿದ. ಎದ್ದದ್ದು ವಿಶ್ವಪ್ರಿಯನ ದೋಣಿಯ ಬಾಲದ ಹತ್ತಿರ. ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಆ ಚುಕ್ಕಾಣಿಯನ್ನೇ ಹಿಡಿದುಕೊಂಡಿದ್ದ. ಬೆರಳ ಸಂದಿನಿಂದ ರಕ್ತ ತಗಡಿನ ಮೇಲೆ ಇಳಿಯುತ್ತಿತ್ತು. ವಿಶ್ವಪ್ರಿಯ ಹಾಗೆಯೇ ಅವನನ್ನು ದಡಕ್ಕೆ ಎಳೆದುಕೊಂಡು ಬಂದ. ಓಡಿ ಬಂದ ಶೀಲಾ, 'ಚುಕ್ಕಾಣಿ ಬಡೀತಾ?' ಎಂದಳು. ವಿಶ್ವಪ್ರಿಯ ತಲೆಯಾಡಿಸಿದ. ಒಂದು ಸಲ, ಅಷ್ಟೆ. ಗವಿಸಿದ್ದೇಶ ಉಳಿದ ಕಣ್ಣಿನಿಂದ ಅವನನ್ನು ನೋಡಿದ, ಏನೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಹೇಳಲಿಲ್ಲ, ಆಮೇಲೆ ಫೋನಿನಲ್ಲಿಯೂ ಹೇಳಲಿಲ್ಲ. ಆ ಮೌನ ಕ್ಷಮೆಯೋ ಬೆದರಿಕೆಯೋ ತಿಳಿಯದೆ ವಿಶ್ವಪ್ರಿಯ ತರಗತಿಯಲ್ಲಿ ಬೋರ್ಡಿನ ಮುಂದೆ ಸೀಮೆಸುಣ್ಣ ಮುರಿಯುತ್ತ ನಿಲ್ಲುತ್ತಿದ್ದ. 'ಯಾಕೋ ವಿಶ್ವಾ, ಕೈ ನಡಗಲಿಕ್ಕೆ ಹತ್ಯಾವ' ಎಂದು ಇಂದಿರಾಬಾಯಿ ಊಟಕ್ಕೆ ಬಡಿಸುವಾಗ ಕೇಳಿದ್ದಳು. ನಡುಗುತ್ತಿರಲಿಲ್ಲ. ಅವು ಮತ್ತೊಮ್ಮೆ ಹೊಡೆಯಲು ಬಯಸುತ್ತಿದ್ದವು. ಅದನ್ನು ತಾಯಿಗೆ ಹೇಗೆ ಹೇಳುವುದು?

ಗವಿಸಿದ್ದೇಶನ ಊರು ಕುರುಗೋಡಿನಲ್ಲಿ ಇಳಿದಾಗ ಬಿಸಿಲು ಬಂಡೆಗಳಿಂದ ಎರಡು ಪಟ್ಟಾಗಿ ವಾಪಸು ಬರುತ್ತಿತ್ತು. ಓಣಿಯ ಕೊನೆಯಲ್ಲಿ, ಗುಡ್ಡದ ಬುಡದಲ್ಲಿ ಮೂವರು ಕಲ್ಲೊಡೆಯುತ್ತಿದ್ದರು. ಬಂಡೆಗೆ ಸಾಲಾಗಿ ಉಳಿ ನೆಟ್ಟು, ಒಬ್ಬ ತೆಲುಗಿನಲ್ಲಿ ಒಕಟಿ, ರೆಂಡು, ಮೂಡು ಎಂದು ಎಣಿಸುತ್ತಿದ್ದ. ಇನ್ನಿಬ್ಬರು ಸರದಿಯಂತೆ ಸುತ್ತಿಗೆ ಎತ್ತಿ ಹಾಕುತ್ತಿದ್ದರು. ವಿಶ್ವಪ್ರಿಯ ನಿಂತು ನೋಡಿದ. ಎಷ್ಟು ಏಟಿಗೂ ಬಂಡೆಗೆ ಏನೂ ಆಗುವುದಿಲ್ಲ, ಮೈಮೇಲೆ ಒಂದು ಬಿಳಿ ಚುಕ್ಕೆ ಬೀಳುತ್ತದೆ ಅಷ್ಟೆ. ಆಮೇಲೆ ಯಾವುದೋ ಒಂದು ಏಟಿಗೆ, ಅದು ಹಿಂದಿನದಕ್ಕಿಂತ ಜೋರಾಗಿಯೂ ಇರುವುದಿಲ್ಲ, ಬಂಡೆ ಒಳಗಿನಿಂದ ಬಿಟ್ಟುಕೊಡುತ್ತದೆ. ಅಲ್ಲೇ ಎದುರಿನ ಮನೆಯ ಬಾಗಿಲಲ್ಲಿ ನಿಂತಿದ್ದ ಪಕ್ಕೀರಮ್ಮ, 'ಬರ್ರಿ ಸರ್. ತಂದೀರೇನು?' ಎಂದಳು.

ಒಳಗೆ ನೆರಳಿತ್ತು. ಮೂಲೆಯ ಒರಳಿನ ಪಕ್ಕ ಒಣಮೆಣಸಿನಕಾಯಿಯ ಎರಡು ಚೀಲ ಬಾಯಿ ಕಟ್ಟಿ ಇಟ್ಟಿತ್ತು, ಗೋಡೆಗೆ ಒನಕೆ ಒರಗಿತ್ತು. ಖಾರ ಕುಟ್ಟಿ ಕೊಡುವುದು ಅವಳ ಕಸುಬು. ಘಾಟು ಮಗನ ಕಣ್ಣಿಗೆ ಆಗುವುದಿಲ್ಲವೆಂದು ಹನ್ನೊಂದು ದಿನದಿಂದ ಒನಕೆ ಮುಟ್ಟಿಲ್ಲವೆಂದು ಅವಳೇ ಹೇಳಿದಳು. ಮಂಚದ ಮೇಲೆ ಗೋಡೆಗೆ ಒರಗಿದ್ದ ಗವಿಸಿದ್ದೇಶ, 'ಬಿಸ್ಲಾಗ ಬಂದೀರಿ, ನೀರು ಕುಡೀರಿ' ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದ. ಎಡಗಣ್ಣಿಗೆ ಬಿಳಿ ಕಟ್ಟು, ಅದರ ಕೆಳಗಿನಿಂದ ಕೆನ್ನೆಗಿಳಿದ ಹೊಲಿಗೆಯ ಸಾಲು. ಅಷ್ಟು ಸಮವಾದ ಹೊಲಿಗೆ, ತಾಯಿ ಅಂಚು ಹೊಲಿಯುತ್ತಿದ್ದಂತೆ. ವಿಶ್ವಪ್ರಿಯ ಕಣ್ಣು ತಪ್ಪಿಸಿ, ನೀರು ಕುಡಿದು, ಡಾಕ್ಟರು ಏನೆಂದರೆಂದು ಕೇಳಿದ. ನೆರಳು ಕಾಣುತ್ತದಂತೆ; ಮುಂದೆ ಹೇಗೋ, ತಿಂಗಳು ಬಿಟ್ಟು ನೋಡೋಣ ಎಂದಿದ್ದಾರಂತೆ.

ಅವನು ವರದಿ ಕೊಟ್ಟ. ಗವಿಸಿದ್ದೇಶ ಒಂದು ಕಣ್ಣಿನಿಂದ ಓದತೊಡಗಿದ. ಸಾಲು ಮುಗಿದಾಗಲೆಲ್ಲ ಇಡೀ ತಲೆಯನ್ನು ಹಕ್ಕಿಯಂತೆ ಎಡಕ್ಕೆ ತಿರುಗಿಸಿ ಮುಂದಿನ ಸಾಲು ಹುಡುಕುತ್ತಿದ್ದ. ಎರಡನೆಯ ಪುಟದಲ್ಲಿ ನಿಂತು, ರಾರಾವಿಯ ಉಸುಕಿನಲ್ಲಿ ದೋಣಿ ಎಳೆದಾಗ ಸೀಳಿನೊಳಗೆ ಹರಳು ಸಿಕ್ಕಿಕೊಂಡು ಎರಡು ಸಲ ಸ್ಕೆಗ್ ಇಳಿಯಲೇ ಇಲ್ಲ, ಅದನ್ನು ಯಾಕೆ ಬರೆದಿಲ್ಲವೆಂದು ಕೇಳಿದ. ಬಿಟ್ಟುಹೋಗಿದೆ ಎಂದ ವಿಶ್ವಪ್ರಿಯ. ಮೂರನೆಯ ಪುಟವನ್ನು ಗವಿಸಿದ್ದೇಶ ಬಹಳ ಹೊತ್ತು ಹಿಡಿದಿದ್ದ. ಹೊರಗೆ ಎಣಿಕೆ ಕೇಳುತ್ತಿತ್ತು. ಆಮೇಲೆ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡ.

'ಶೀಲಕ್ಕಗ ಸೊಂಟ ಓರೆ ಮಾಡಾಕ ಬರಂಗಿಲ್ಲ ಸರ್. ಪ್ರಣವಗೂ ಬರಂಗಿಲ್ಲ. ನಿಮಗೂ ಬರಂಗಿಲ್ಲ, ಸಿಟ್ಟಾಗಬ್ಯಾಡ್ರಿ. ಕಾರವಾರದಾಗ ಹಿಂದಿನ ಗಾಳಿ ಎದ್ದು ಅಲಿ ತಳ್ಳಿದ್ರ, ಬರೀ ಸ್ಕೆಗ್ ಇಟ್ಗೊಂಡು ಅವ್ರು ಯಾವ ಕಡಿ ತಿರುಗ್ತಾರ? ಅಂಥವ್ರಿಗೆ ಚುಕ್ಕಾಣೀನ ಬೇಕು. ಅದು ಚೊಲೋ ಐತಿ. ಅದು ಏನೂ ಮಾಡಿಲ್ಲ.'

ಕೊನೆಯ ಮಾತನ್ನು ಅವನು ತಾಯಿಗೆ ಕೇಳದಷ್ಟು ಮೆಲ್ಲಗೆ ಹೇಳಿದ. ಅವಳು ಬಾಗಿಲ ಬೆಳಕಿನಲ್ಲಿ ಕುಕ್ಕರಗಾಲಲ್ಲಿ ಕೂತು ಪೊಟ್ಟಣದ ದಾರವನ್ನು ಹಲ್ಲಿನಿಂದ ಹರಿಯುತ್ತಿದ್ದಳು. ಪತ್ರಿಕೆ ಬಿಚ್ಚಿತು. ತಗಡು ಹೊರಬಂದು ಬಿಸಿಲಿಗೆ ಹೊಳೆಯಿತು. ಅವಳು ಅದನ್ನು ಈಚೆ ಆಚೆ ತಿರುಗಿಸಿ, ಹೆಬ್ಬೆರಳಿನಿಂದ ಅಂಚು ಸವರಿ ನೋಡಿದಳು. ಇಷ್ಟಗಲ ಇಲ್ಲ, ಇದಕ್ಕೆ ಎಷ್ಟು ಸೊಕ್ಕು ಎಂದಳು. ಅದನ್ನು ಒರಳುಗಲ್ಲಿನ ಅಂಚಿಗೆ ಅಡ್ಡ ಹಾಕಿ, ಒಂದು ಕಾಲಿನಿಂದ ಮೆಟ್ಟಿ, ಒನಕೆ ತೆಗೆದುಕೊಂಡಳು.

ಮೊದಲ ಏಟಿಗೇ ತಗಡು ಕಿರುಚಿತು. ಅವಳು ಬಯ್ಯಲಿಲ್ಲ, ಅಳಲಿಲ್ಲ. ಖಾರ ಕುಟ್ಟುವಾಗಿನ ಅದೇ ಲಯದಲ್ಲಿ, ಸೊಂಟದಿಂದ ಎದ್ದು ಭುಜದಿಂದ ಇಳಿಯುವಂತೆ ಹಾಕುತ್ತಿದ್ದಳು. ತಗಡಿನ ತುದಿ ಮಡಚಿತು, ನಡುವೆ ಗುಳಿ ಬಿತ್ತು, ದೋಣಿಗೆ ಸಿಕ್ಕಿಸುವ ಪಿನ್ನಿನ ತೂತು ಕಣ್ಣಿನಂತೆ ಹಿಗ್ಗಿ ಹರಿಯಿತು. ವಿಶ್ವಪ್ರಿಯ ನೋಡುತ್ತ ನಿಂತ. ಆ ಹಳೆಯ ಸುಖ ಹೊಟ್ಟೆಯೊಳಗೆ ಬೆಚ್ಚಗೆ ಇಳಿಯುವುದಕ್ಕೆ ಕಾದ. ಅದು ಬಂದಿತು. ಬಂದದ್ದಕ್ಕೆ ಅವನಿಗೆ ತನ್ನ ಮೈಯ ಮೇಲೆಯೇ ಹೇಸಿಗೆಯಾಯಿತು. ಅವಳ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿದು ತಗಡಿನ ಮೇಲೆ ಬಿತ್ತು. ಅವಳು ನಿಂತು, ಉಸಿರು ತೆಗೆದುಕೊಂಡು, ಒನಕೆಯನ್ನು ಅವನ ಕಡೆ ಚಾಚಿದಳು.

'ನೀವೂ ಒಂದು ಹಾಕ್ರಿ ಸರ್. ನೀವಾ ಅಲ್ಲೇನು ಇವನ್ನ ನೀರಾಗಿಂದ ಎಳ್ಕೊಂಡು ಬಂದವ್ರು. ನಿಮಗೂ ಹೊಟ್ಯಾಗ ಉರಿ ಇರ್ತೈತಿ.'

ಒನಕೆ ಅವನು ಎಣಿಸಿದ್ದಕ್ಕಿಂತ ಭಾರವಿತ್ತು. ಅವಳ ಅಂಗೈ ಹಿಡಿದ ಜಾಗ ಒದ್ದೆಯಾಗಿತ್ತು. ಒಂದೇ ಒಂದು ಏಟು, ಶಾಸ್ತ್ರಕ್ಕೆ. ಆಮೇಲೆ ರುಜು, ಆಮೇಲೆ ಬಸ್ಸು. ಅವನು ಬಲಗೈಯಿಂದ ಅದನ್ನು ತುಸು ಎತ್ತಿ ಕೆಳಗೆ ಬಿಟ್ಟ. ತಗಡು ಟಣ್ ಎಂದಿತು, ಏನೂ ಆಗಲಿಲ್ಲ.

ಮಂಚದ ಮೇಲಿಂದ ಗವಿಸಿದ್ದೇಶ ಹೇಳಿದ: 'ಹಂಗಲ್ಲ ಸರ್. ಅವತ್ತು ಎರಡೂ ಕೈಲೆ ಬಡಿದಿದ್ರಿ.'

ಹೊರಗೆ ಎಣಿಸುತ್ತಿದ್ದವನು ಮೂಡು ಎಂದ, ಸುತ್ತಿಗೆ ಬಿತ್ತು. ಪಕ್ಕೀರಮ್ಮ ಮಗನ ಕಡೆ ತಿರುಗಿದಳು. ಮಗನ ಮುಖದಿಂದ ಅವಳ ಕಣ್ಣು ವಿಶ್ವಪ್ರಿಯನ ಮುಖಕ್ಕೆ ಬಂತು, ಅಲ್ಲಿಂದ ಒನಕೆ ಹಿಡಿದ ಅವನ ಕೈಗೆ ಇಳಿಯಿತು, ಅಲ್ಲಿಯೇ ನಿಂತಿತು. ಗವಿಸಿದ್ದೇಶ ದನಿ ಏರಿಸದೆ ಮಾತು ಮುಗಿಸಿದ. 'ನೀವಾ ಹೇಳ್ತೀರೇನೋ ಅಂತ ಕಾದೆ. ಹನ್ನೊಂದು ದಿನ ಆತು. ಇವತ್ತು ಅದನ್ನ ಹೊತ್ಕೊಂಡು ಬಂದ್ರಿ.'

'ಹೌದು ಅಮ್ಮಾ' ಎಂದ ವಿಶ್ವಪ್ರಿಯ. ತನ್ನ ದನಿ ಐದು ವರ್ಷದ ಹುಡುಗನ ದನಿಯಂತೆ ಕೇಳಿಸಿತು. 'ನಾನು ಹೊಡೆದೆ. ಇದು ಹೊಡೀಲಿಲ್ಲ.'

ಅವಳು ಮುಂದೆ ಬಂದು ಒನಕೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನು ಕಣ್ಣು ಮುಚ್ಚಿ ತಲೆ ಬಗ್ಗಿಸಿದ. ಕೈ ಅಡ್ಡ ಹಿಡಿಯಬಾರದೆಂದು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬೀಳಲಿ. ಬಿದ್ದರೆ ಮುಗಿಯುತ್ತದೆ. ಈ ಹನ್ನೊಂದು ದಿನ ತಾನು ಬಯಸಿದ್ದು ಹೊಡೆಯುವುದನ್ನಲ್ಲ, ಇದನ್ನೇ ಎಂದು ಅನ್ನಿಸಿ, ಹೆಚ್ಚುಕಡಿಮೆ ಆಸೆಯಿಂದಲೇ ನಿಂತ. ಒನಕೆ ಗೋಡೆಗೆ ಒರಗಿದ ಸದ್ದು ಕೇಳಿತು. ಆಮೇಲೆ ಬೇರೊಂದು ಸದ್ದು, ಲೋಹ ನರಳುವ ಸಣ್ಣ ಸದ್ದು. ಕಣ್ಣು ತೆರೆದಾಗ ಪಕ್ಕೀರಮ್ಮ ನೆಲದ ಮೇಲೆ ಕೂತು, ತಗಡನ್ನು ತೊಡೆಯ ಮೇಲಿಟ್ಟುಕೊಂಡು, ಮಡಚಿದ ತುದಿಯನ್ನು ಎರಡೂ ಅಂಗೈಯಿಂದ ಒತ್ತಿ ನೆಟ್ಟಗೆ ಮಾಡುತ್ತಿದ್ದಳು. ನೆಟ್ಟಗಾಗುತ್ತಿರಲಿಲ್ಲ. ಸೆರಗಿನಿಂದ ಅದರ ಮೈಮೇಲಿನ ಖಾರದ ಪುಡಿ ಒರೆಸಿದಳು, ಮತ್ತೆ ಒತ್ತಿದಳು. ಅಂಚು ಅವಳ ಅಂಗೈಯನ್ನು ಕೊಯ್ದಿತ್ತು.

ಅವನು ಮಂಡಿಯೂರಿ ಇನ್ನೊಂದು ತುದಿ ಹಿಡಿಯಲು ಹೋದ.

'ಮುಟ್ಟಬ್ಯಾಡ್ರಿ' ಎಂದಳು, ತಲೆ ಎತ್ತದೆ.

ಮಂಚದ ಮೇಲಿಂದ ಹಾಳೆಗಳ ಸದ್ದಾಯಿತು. ಗವಿಸಿದ್ದೇಶ ಮೂರನೆಯ ಪುಟವನ್ನು ಬೇರೆ ತೆಗೆದು ಚಾಚಿದ. ವಿಶ್ವಪ್ರಿಯ ಎದ್ದು ಹೋಗಿ, ಮಂಚದ ಅಂಚಿನ ಮೇಲೆ ಹಾಳೆಯಿಟ್ಟು, ಆ ವಾಕ್ಯದ ಮೇಲೆ ಗೀಟೆಳೆದ. ಅಂಚಿನ ಖಾಲಿ ಜಾಗದಲ್ಲಿ ಬರೆದ: 'ಗಾಯವಾದದ್ದು ಚುಕ್ಕಾಣಿಯಿಂದಲ್ಲ. ವರದಿ ಬರೆದವನು ಹುಟ್ಟುಗೋಲಿನಿಂದ ಹೊಡೆದದ್ದರಿಂದ.' ಸ್ವಲ್ಪ ತಡೆದು, 'ಎರಡೂ ಕೈಯಿಂದ' ಎಂದು ಸೇರಿಸಿದ. ಕೆಳಗೆ ತನ್ನ ಹೆಸರು ಬರೆದು, ಪೆನ್ನನ್ನು ಗವಿಸಿದ್ದೇಶನ ಮುಂದೆ ಹಿಡಿದ.

ಗವಿಸಿದ್ದೇಶ ಕೈ ಚಾಚಿದ. ಅವನ ಬೆರಳುಗಳು ಪೆನ್ನಿನಿಂದ ಒಂದು ಗೇಣು ಈಚೆಗೇ ಬರಿಯ ಗಾಳಿಯನ್ನು ಹಿಡಿದು ಮುಚ್ಚಿಕೊಂಡವು. ಅವನು ತಲೆಯನ್ನು ತುಸು ತಿರುಗಿಸಿ, ಉಳಿದ ಕಣ್ಣಿನಿಂದ ದೂರ ಅಳೆದು, ಮತ್ತೆ ಚಾಚಿದ. ಈ ಸಲ ಪೆನ್ನನ್ನು ದಾಟಿ ಮುಂದೆ ಹೋಯಿತು. ವಿಶ್ವಪ್ರಿಯ ಪೆನ್ನನ್ನು ಅವನ ಕೈಗೆ ತಗುಲಿಸಲೂ ಧೈರ್ಯವಾಗದೆ, ಅಲುಗಾಡಿಸದೆ, ಹಾಗೆಯೇ ಹಿಡಿದುಕೊಂಡು ನಿಂತಿದ್ದ.